ಆಯ್ಕೆಗೆ ಮೊದಲೇ ಹಚ್ಚಿದ ಬ್ಯಾನರ್

ಮಹಾರಾಷ್ಟ್ರದ ಗಡಿಯ ಜತ್ತದ ಬಸ್ ಸ್ಟ್ಯಾಂಡಿನ ಎದುರಿಗೆ ಆ ಬ್ಯಾನರ್ ಎದ್ದದ್ದು ಸೋಮವಾರ. ತಂಡದ ಆಯ್ಕೆ ಇದ್ದದ್ದು ಶನಿವಾರ. ಇಷ್ಟು ಹೇಳಿದರೆ ಬುದ್ಧಿಯಿದ್ದವರಿಗೆ ಉಳಿದದ್ದೆಲ್ಲ ತಿಳಿದುಹೋಗುತ್ತದೆ. ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ತಿಂದ ರೊಟ್ಟಿ ಇಳಿಯುವುದಿಲ್ಲ.

ಜಿಲ್ಲಾ ಖೋಖೋ ಸ್ಪರ್ಧೆಗೆ ಆಯ್ಕೆಯಾದ ಕುಮಾರಿ ವಿದ್ಯಾವತಿಗೆ ಹಾರ್ದಿಕ ಅಭಿನಂದನೆ ಎಂದು ದಪ್ಪ ಮರಾಠಿ ಅಕ್ಷರಗಳಲ್ಲಿತ್ತು. ಹುಡುಗಿಯ ಫೋಟೋ ಒಂದು ಮೂಲೆಗೆ. ನಟ್ಟನಡುವೆ ಅವಳಪ್ಪ ಮುರಗೆಪ್ಪ, ತಲೆಗೆ ಕೇಸರಿ ಫೇಟಾ ಸುತ್ತಿಕೊಂಡು, ಕೈಮುಗಿದುಕೊಂಡು. ಓಡುವವಳು ಮಗಳು, ಫೇಟಾ ಅಪ್ಪನಿಗೆ! ಕೆಳಗೆ ಸಾಲಾಗಿ ಅವನ ಗೆಳೆಯರ ಮುಖಗಳು, ಅವರಲ್ಲಿ ಒಬ್ಬನೂ ಜನ್ಮದಲ್ಲಿ ಖೋಖೋ ಆಡಿದವನಲ್ಲ. ನಮ್ಮೂರಿನ ರೀತಿಯೇ ಇದು. ಹುಟ್ಟುಹಬ್ಬಕ್ಕೆ ಬ್ಯಾನರ್, ಹೊಸ ಟ್ರ್ಯಾಕ್ಟರ್ ಬಂದರೆ ಬ್ಯಾನರ್. ಒಮ್ಮೆ ಮುಖ ಚೌಕಕ್ಕೆ ಏರಿತೆಂದರೆ ಆ ಮಾತು ನಿಜವಾದಂತೆ, ಅದನ್ನು ಇಳಿಸುವುದೆಂದರೆ ಮಾನ ಹೋದಂತೆ. ಮುರಗೆಪ್ಪ ಇದನ್ನು ಬಲ್ಲವನು. ಅದಕ್ಕೇ ಮೊದಲು ಬ್ಯಾನರ್ ಹಚ್ಚಿದ, ಆಯ್ಕೆ ಆಮೇಲೆ ಆದರಾಯಿತೆಂದು.

ಆಯ್ಕೆ ಮಾಡಬೇಕಾದವಳು ಸುಮನ. ನಾನು ಬರೆಯಲು ಕುಳಿತದ್ದು ಅವಳ ಬಗ್ಗೆ, ಸಿಟ್ಟು ನಡುವೆ ಬಂದು ದಾರಿ ತಪ್ಪಿಸಿತು.

ಗುಡ್ಡಾಪುರ ರಸ್ತೆಯಲ್ಲಿರುವ ಇಂಗ್ಲಿಷ್ ಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ, ಸುಮನ ಆಟ ಕಲಿಸುತ್ತಿದ್ದಳು. ದ್ರಾಕ್ಷಿ ತೋಟದವರು, ಒಣದ್ರಾಕ್ಷಿ ವ್ಯಾಪಾರಿಗಳು, ಬಟ್ಟೆ ಅಂಗಡಿಯವರು ಕಾರಿನಲ್ಲಿ ಮಕ್ಕಳನ್ನು ತಂದು ಬಿಡುವ ಶಾಲೆ ಅದು. ಸರ್ಕಾರದ ನಿಯಮ ಇದೆಯೆಂದು ಬಡವರ ಮಕ್ಕಳೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಸುಮನ ಸೊರಡಿಯವಳು, ಕುರಿ ಸಾಕುವವರ ಮನೆಯ ಮಗಳು. ಹಿಂಡು ಯಾರದೋ ಜೋಳದ ಹೊಲಕ್ಕೆ ನುಗ್ಗಿದಾಗ ಅಡ್ಡ ಓಡಿ ತಿರುಗಿಸುತ್ತಿದ್ದೆ, ಅದೇ ನನಗೆ ಖೋಖೋ ಕಲಿಸಿತು ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಅವಳ ಅಣ್ಣ ಮಲ್ಲಿನಾಥನನ್ನು ಕೇಳಿದರೆ ಅದು ಶುದ್ಧ ಸುಳ್ಳು, ಅವಳು ಬೇವಿನ ಮರದ ಕೆಳಗೆ ಮಲಗುತ್ತಿದ್ದಳು, ಓಡುತ್ತಿದ್ದವನು ತಾನು ಎನ್ನುತ್ತಾನೆ. ಏನೇ ಇರಲಿ, ರಾಜ್ಯದ ತಂಡದಲ್ಲಿ ಆಡಿ ಬಂದವಳು. ಮೊಣಕಾಲು ಕೈಕೊಟ್ಟ ಮೇಲೆ ಆಡುವುದನ್ನು ಬಿಟ್ಟು ಕಲಿಸುವುದಕ್ಕೆ ನಿಂತಳು.

ಅವಳ ಬಾಯಿ ಭಾಳ ಜೋರು, ಅದನ್ನು ಮುಚ್ಚಿಡುವುದಿಲ್ಲ. ನಿಧಾನಕ್ಕೆ ಓಡುವ ಹುಡುಗಿಗೆ, ಮದಲಗಿತ್ತಿ ಮೆರವಣಿಗೆ ಹೊರಟಳೇನು ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದಳು. ಆದರೆ ಮಕ್ಕಳ ಮೇಲೆ ಕೈ ಎತ್ತಿದವಳಲ್ಲ. ಅವಳಿಗಿಂತ ಮೊದಲಿದ್ದ ದತ್ತಾ ಸರ್ ಕಪಾಳಕ್ಕೇ ಬಾರಿಸುತ್ತಿದ್ದ. ಅದೂ ಯಾರಿಗೆ? ಯಾರ ಅಪ್ಪಂದಿರು ನಡೆದು ಬರುತ್ತಾರೋ ಅವರ ಮಕ್ಕಳಿಗೆ ಮಾತ್ರ. ಕಾರಿನವರ ಮಕ್ಕಳು ಅವನ ಕಾಲದಲ್ಲಿ ಕ್ಯಾಪ್ಟನ್ ಆಗುತ್ತಿದ್ದರು, ಸಂಜೆ ಅವನ ಬೈಕಿನ ಹಿಂದೆ ದ್ರಾಕ್ಷಿ ಪೆಟ್ಟಿಗೆ ಇರುತ್ತಿತ್ತು. ಪಾಲಕರು ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದರು. ಸುಮನ ಬಂದ ಮೇಲೆ ಶಿಸ್ತು ಹಾಳಾಯಿತಂತೆ!

ಏನು ಹಾಳಾಯಿತು ಎಂದರೆ, ಬೆಳಿಗ್ಗೆ ಆಟಕ್ಕೆ ಮೊದಲು ಎಲ್ಲ ಹುಡುಗಿಯರೂ ಸಾಲಾಗಿ ನಿಂತು ಮೈದಾನದ ಜಾಲಿ ಮುಳ್ಳು ಆರಿಸಬೇಕು. ಬರಿಗಾಲಿನ ಹುಡುಗಿಯೂ ಆರಿಸಬೇಕು, ಬೂಟಿನ ಹುಡುಗಿಯೂ ಆರಿಸಬೇಕು. ನಮ್ಮ ಮಕ್ಕಳನ್ನು ಕಸ ಹೊಡೆಯಲು ಕಳಿಸುತ್ತೇವೆಯೇ ಎಂದು ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು. ತಾಯಂದಿರು ಕುರ್ಚಿ ತಂದು ಗೆರೆಯ ಪಕ್ಕದಲ್ಲಿ ಕುಳಿತು, ಹಾಗೆ ಓಡು ಹೀಗೆ ಓಡು ಎಂದು ಕೂಗುತ್ತಿದ್ದರು. ಒಬ್ಬಾಕೆ ಮಗಳ ಹಿಂದೆ ಕೊಡೆ ಹಿಡಿಯಲು ಡ್ರೈವರನನ್ನೇ ಬಿಟ್ಟಿದ್ದಳು. ಸುಮನ ಒಂದು ದಿನ ಕುರ್ಚಿ, ಕೊಡೆ, ಡ್ರೈವರ್ ಎಲ್ಲವನ್ನೂ ಗೇಟಿನ ಹೊರಗೆ ಹಾಕಿಸಿದಳು. ಅಂದಿನಿಂದ ಎಲ್ಲರೂ ಅವಳ ಮೇಲೆ ಹಲ್ಲು ಮಸೆಯುತ್ತಿದ್ದರು.

ಈಗ ಆಟದ ಒಂದು ಮಾತು. ಖೋಖೋದಲ್ಲಿ ಹುಡುಗಿಯರು ಎರಡು ಕಂಬಗಳ ನಡುವೆ ಸಾಲಾಗಿ ಕೂರುತ್ತಾರೆ. ಅಟ್ಟಿಸಿಕೊಂಡು ಬರುವವಳು ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಎಂದರೆ ಮಾತ್ರ ಕುಳಿತವಳು ಎದ್ದು ಓಡಬೇಕು. ಅದಕ್ಕೆ ಮೊದಲು ಎದ್ದರೆ ಫೌಲ್. ಸುಮನ ತಂಡ ಆರಿಸುವುದೂ ಹಾಗೆಯೇ. ಹುಡುಗಿಯರೆಲ್ಲ ತಲೆ ತಗ್ಗಿಸಿ ಕೂರಬೇಕು, ಇವಳು ಹಿಂದಿನಿಂದ ಕುಂಟುತ್ತ ನಡೆಯುತ್ತಾಳೆ, ಯಾರ ಬೆನ್ನಿಗೆ ಖೋ ಬೀಳುತ್ತದೋ ಅವರು ಎದ್ದು ಹೋಗಿ ಕಂಬ ಮುಟ್ಟಬೇಕು. ಹೆಸರು ಮೊದಲೇ ಯಾರಿಗೂ ಹೇಳುವುದಿಲ್ಲ, ನನಗೂ ಹೇಳಿರಲಿಲ್ಲ.

ಆದರೆ ಈ ಸಲ ಕೊನೆಯ ಜಾಗಕ್ಕೆ ಇಬ್ಬರೇ ಎಂದು ಶಾಲೆಗೆಲ್ಲ ಗೊತ್ತಿತ್ತು. ಒಬ್ಬಳು ವಿದ್ಯಾವತಿ. ಕೆಟ್ಟ ಆಟಗಾರ್ತಿಯಲ್ಲ. ಓಟ ಸಾಧಾರಣ, ನಿಯಮದಲ್ಲಿ ಮಾತ್ರ ಪಕ್ಕಾ, ಇಡೀ ವರ್ಷ ಅವಳು ಫೌಲ್ ಮಾಡಿದ್ದನ್ನು ನಾನು ನೋಡಿಲ್ಲ. ಇನ್ನೊಬ್ಬಳು ಕುಣಿಕೋಣೂರಿನ ರೂಪಾಲಿ. ಅವಳನ್ನು ಹಿಡಿಯುವುದೆಂದರೆ ಅಂಗೈಯಲ್ಲಿ ನೀರು ಹಿಡಿದಂತೆ. ಕ್ರೀಡಾ ವಸತಿ ಶಾಲೆಗೆ ಮಕ್ಕಳನ್ನು ಆರಿಸುವವರು ಬರುವುದು ಸಾಂಗಲಿಯಲ್ಲಿ ನಡೆಯುವ ಈ ಜಿಲ್ಲಾ ಸ್ಪರ್ಧೆಗೆ ಮಾತ್ರ. ರೂಪಾಲಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ವರ್ಷ. ಈಗ ತಪ್ಪಿದರೆ ತಪ್ಪಿದಂತೆಯೇ.

ಬುಧವಾರ ಮುರಗೆಪ್ಪ ಸ್ಟಾಫ್ ರೂಮಿಗೇ ಬಂದ. ಜೋರು ಮಾಡಲಿಲ್ಲ, ನಗುತ್ತಲೇ ಕುಳಿತ.

“ಬ್ಯಾನರ್ ಹಚ್ಚೀವ್ರಿ ಮ್ಯಾಡಮ್. ಈಗ ಇಳಸಾಕ ಬರೂದಿಲ್ಲ. ಮಂದಿ ಏನಂದಾರು?”

“ಹಚ್ಚರೆಪಾ ಅಂತ ನಾ ಹೇಳಿದ್ನೇನ್ರಿ?” ಎಂದಳು ಸುಮನ.

ಅವನ ನಗು ಆರಿತು. ಮರುದಿನ ಸಂಸ್ಥೆಯ ಅಧ್ಯಕ್ಷ ಸೋಮನಿಂಗಪ್ಪನವರಿಂದ ಕರೆ ಬಂತು. ಒಬ್ಬ ಹುಡುಗಿ ಆಚೀಚೆ ಆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ರೂಪಾಲಿ ಮುಂದಿನ ವರ್ಷ ಹೋಗಲಿ ಎಂದರಂತೆ. ಅವಳಿಗೆ ಮುಂದಿನ ವರ್ಷ ಇಲ್ಲ ಎಂದು ಸುಮನ ಹೇಳಿದಳು. ಅದು ಅವರ ಕಿವಿಗೇ ಹೋಗಲಿಲ್ಲ. ಮಕ್ಕಳ ಬೆನ್ನಿಗೆ ಹೊಡೆಯುತ್ತೀರೆಂದು ದೂರು ಬಂದಿದೆ ಎಂದು ಬೇರೆ ಹೆದರಿಸಿದರು. ಖೋ ಕೊಡುವುದು ಹೊಡೆತವಾಯಿತು ನೋಡಿ! ದತ್ತಾ ಸರ್‌ನ ಕಪಾಳಮೋಕ್ಷ ಶಿಸ್ತು, ಸುಮನಳ ಖೋ ಹೊಡೆತ. ಇವರ ನಾಲಿಗೆಗೆ ಎಲುಬಿಲ್ಲ ಎಂದು ಗೊತ್ತಿತ್ತು, ನಾಚಿಕೆಯೂ ಇಲ್ಲವೆಂದು ಅಂದು ತಿಳಿಯಿತು.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಮತ್ತೆ ಕುರ್ಚಿಗಳು ಬಂದಿದ್ದವು. ಅಧ್ಯಕ್ಷರು ಕುಳಿತಿದ್ದರು, ಪಕ್ಕದಲ್ಲಿ ಮುರಗೆಪ್ಪ, ಅವನ ತೊಡೆಯ ಮೇಲೆ ಪೇಡೆಯ ಡಬ್ಬಿ, ಹಿಂದೆ ಬಾಡಿಗೆಯ ಫೋಟೋಗ್ರಾಫರ್. ಹುಡುಗಿಯರು ಮುಳ್ಳು ಆರಿಸಿ, ತಲೆ ತಗ್ಗಿಸಿ ಸಾಲಾಗಿ ಕುಳಿತರು. ಸುಮನ ಹಿಂದಿನಿಂದ ನಡೆದಳು. ಖೋ. ಖೋ. ಎದ್ದವರು ಓಡಿ ಕಂಬ ಮುಟ್ಟಿದರು. ಕೊನೆಗೆ ಒಂದೇ ಜಾಗ ಉಳಿಯಿತು. ಸುಮನ ವಿದ್ಯಾವತಿಯ ಹಿಂದೆ ಬಂದಳು, ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಅವಳು ದಾಟಿ ಹೋಗಿ ರೂಪಾಲಿಯ ಬೆನ್ನು ಮುಟ್ಟಿದಳು.

ರೂಪಾಲಿ ಕಂಬ ಮುಟ್ಟುವುದರೊಳಗೆ ಮುರಗೆಪ್ಪ ಎದ್ದು ನಿಂತಿದ್ದ. ಅಧ್ಯಕ್ಷರು ಕುರ್ಚಿಯಿಂದಲೇ ಅಪ್ಪಣೆ ಕೊಟ್ಟರು.

“ಸುಮನ ಮ್ಯಾಡಮ್, ಆ ಹುಡಗೀನ ವಾಪಸ್ ಕುಂದರಸ್ರಿ. ವಿದ್ಯಾವತಿ, ನೀ ಏಳವಾ.”

ರೂಪಾಲಿ ಕಂಬ ಹಿಡಿದುಕೊಂಡೇ ಸುಮನಳ ಮುಖ ನೋಡಿದಳು. ಸುಮನ ಅಲ್ಲೇ ಇರು ಎಂದು ಕೈ ಮಾಡಿದಳು. ವಿದ್ಯಾವತಿಯೂ ಕುಳಿತಲ್ಲಿಂದ ಅಲುಗಲಿಲ್ಲ. ಮುರಗೆಪ್ಪ ಬೂಟುಗಾಲಲ್ಲೇ ಗೆರೆ ತುಳಿದುಕೊಂಡು ಒಳಗೆ ಬಂದು ಅವಳ ಮುಂದೆ ನಿಂತ.

“ಏಳ ಅಂದ್ರ ಕೇಳಸೂದಿಲ್ಲೇನ?”

ಹುಡುಗಿ ತಲೆ ಎತ್ತಲಿಲ್ಲ. ಎರಡೂ ಕೈಗಳನ್ನು ನೆಲಕ್ಕೆ ಊರಿದ್ದಳು.

“ನನಗ ಖೋ ಬಿದ್ದಿಲ್ಲ ಪಪ್ಪಾ. ಎದ್ರ ಫೌಲ್ ಆಗತೈತಿ.”

ಅವನು ಮತ್ತೆ ಹೇಳಿದ, ಬೈದ, ತೋಳು ಹಿಡಿದು ಜಗ್ಗಿದ. ಅವಳು ಕುಳಿತೇ ಇದ್ದಳು. ಎಬ್ಬಿಸಬೇಕೆಂದಿದ್ದ ಹುಡುಗಿಯೇ ಏಳದಿದ್ದರೆ ಅಧ್ಯಕ್ಷರಾದರೂ ಯಾರನ್ನು ತಂಡಕ್ಕೆ ಹಾಕಬೇಕು? ರೂಪಾಲಿಯ ಹೆಸರು ಉಳಿಯಿತು. ಆದರೆ ಬಂದ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ. ದೊಡ್ಡವರಿಗೆ ಎದುರು ಮಾತಾಡುವುದನ್ನು ಮಕ್ಕಳಿಗೆ ಕಲಿಸಿದ್ದಕ್ಕೆ ಸೋಮವಾರದಿಂದ ಬರುವುದು ಬೇಡ ಎಂದು ಸುಮನಳಿಗೆ ಅಲ್ಲೇ ಹೇಳಿ ಅಧ್ಯಕ್ಷರು ಹೋದರು. ತಂಡವನ್ನು ಸಾಂಗಲಿಗೆ ಕರೆದೊಯ್ಯಲು ದತ್ತಾ ಸರ್‌ಗೆ ಅಲ್ಲಿಂದಲೇ ಫೋನ್ ಹೋಯಿತು. ಒಬ್ಬ ಅಪ್ಪನ ಮುಖ ಚೌಕದಿಂದ ಇಳಿಯಬಾರದೆಂದು ಇಡೀ ಶಾಲೆಯ ಮಕ್ಕಳ ಗುರುವನ್ನು ಇಳಿಸಿದರು. ನನ್ನ ಮೈ ಹೇಗೆ ಉರಿಯಿತೆಂದರೆ, ಮುರಗೆಪ್ಪ ಕುರ್ಚಿಯ ಮೇಲೆ ಬಿಟ್ಟಿದ್ದ ಪೇಡೆಯ ಡಬ್ಬಿಯನ್ನು ಒಡೆದು ಅವನು ನೋಡುತ್ತಿರುವಂತೆಯೇ ಮೊದಲ ಪೇಡೆಯನ್ನು ರೂಪಾಲಿಯ ಬಾಯಿಗೆ ಹಾಕಿದೆ.

ಕುರ್ಚಿಗಳನ್ನು ಒಳಗೆ ಒಯ್ದರು. ವಿದ್ಯಾವತಿ ಇನ್ನೂ ಅಲ್ಲೇ ಕುಳಿತಿದ್ದಳು, ಒಬ್ಬಳೇ, ಖಾಲಿ ಗೆರೆಯ ಮೇಲೆ. ಕಾರಿನಲ್ಲಿ ಕುಳಿತ ಮುರಗೆಪ್ಪ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದ. ಸುಮನ ಸೀಟಿಯನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಕುಂಟುತ್ತ ಆ ಹುಡುಗಿಯ ಹಿಂದೆ ಹೋದಳು, ಬಾಗದ ಮೊಣಕಾಲನ್ನು ಬಾಗಿಸಿ ಅವಳ ಬೆನ್ನು ಮುಟ್ಟಿದಳು.

“ಖೋ,” ಎಂದಳು, ಅಷ್ಟು ಮೆತ್ತಗೆ ಅವಳು ಎಂದೂ ಹೇಳಿದವಳಲ್ಲ.

ವಿದ್ಯಾವತಿ ಎದ್ದು ಓಡಿದಳು. ಗೇಟಿನ ಕಡೆಗಲ್ಲ, ಕಂಬದ ಕಡೆಗೆ, ರೂಪಾಲಿ ನಿಂತಿದ್ದಲ್ಲಿಗೆ.