ಹಾಡು ಶುರುವಾಗದ ಕ್ಯಾಸೆಟ್

ನಮ್ಮ ತಂಡದಲ್ಲಿ ಮೂವರಿದ್ದೆವು, ಮೂವರಿಗೂ ಹಾಡಲು ಬರುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಉಡುಪಿಯ ಸುತ್ತಮುತ್ತ ಸಂಗೀತದ ತಂಡ ಕಟ್ಟಲು ಇಷ್ಟು ಅರ್ಹತೆ ಸಾಕೆಂದು ನಂಬಿದ್ದವರು ಬಹುಶಃ ನಾವು ಮೂವರೇ.

ಎಲ್ಲಕ್ಕೂ ಕಾರಣ ಒಂದು ಕ್ಯಾಸೆಟ್. ಮಣಿಪಾಲದಲ್ಲಿ ಓದು ಮುಗಿಸಿ ತನ್ನ ದೇಶಕ್ಕೆ ಹೊರಟ ವಿದ್ಯಾರ್ಥಿಯೊಬ್ಬ ಅದನ್ನು ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ನನ್ನ ಕಾರ್ಕಳದ ಗೆಳೆಯನಿಗೆ ಕೊಟ್ಟು ಹೋಗಿದ್ದ. ಅದರಲ್ಲಿ ಯಾರೋ ತಾಳಕ್ಕೆ ಸರಿಯಾಗಿ ಬರೀ ಮಾತಾಡುತ್ತಿದ್ದರು. ರಾಗವೂ ಇಲ್ಲ, ಆಲಾಪವೂ ಇಲ್ಲ. ಇದಕ್ಕೆ ರ್‍ಯಾಪ್ ಎನ್ನುತ್ತಾರೆ, ಹಿಪ್ ಹಾಪ್ ಎನ್ನುತ್ತಾರೆ ಎಂಬುದೆಲ್ಲ ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

“ಇವರಿಗೂ ಹಾಡಲಿಕ್ಕೆ ಬರುವುದಿಲ್ಲ ಮಾರಾಯ! ಆದರೂ ಕ್ಯಾಸೆಟ್ ಉಂಟು!” ಎಂದು ಕಾಪುವಿನ ಗೆಳೆಯ ಕುಣಿದಾಡಿಬಿಟ್ಟ.

ಈ ಕಾಪುವಿನವನು ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯವನು, ನಮ್ಮ ಜೊತೆ ಮಾತ್ರ ತುಳು. ಅವನ ಅಣ್ಣ ಗಲ್ಫಿನಿಂದ ರಜೆಗೆ ಬರುವಾಗ ಎರಡು ವಸ್ತು ತಂದಿದ್ದ: ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರ್, ಮತ್ತು ತಮ್ಮನಿಗೊಂದು ವೀಸಾ. ನಮಗೆ ಮೊದಲಿನದು ಬೇಕಿತ್ತು, ಎರಡನೆಯದು ಬೇಡವಾಗಿತ್ತು. ಅವನಿಗಂತೂ ಬೇಡವೇ ಬೇಡವಾಗಿತ್ತು. ಗೋಗರೆದು ಗೋಗರೆದು ಅವನು ತಂದೆಯ ಬಾಯಿಂದ ಒಂದು ಮಾತು ಹೊರಡಿಸಿದ.

“ಉಡುಪಿಯ ಅಂಗಡಿಯವರು ನಿಮ್ಮ ಕ್ಯಾಸೆಟನ್ನು ಮಾರಲಿಕ್ಕೆ ಇಟ್ಟುಕೊಂಡರೆ ನೀನು ಇಲ್ಲೇ ಇರು. ಇಲ್ಲದಿದ್ದರೆ ಅಣ್ಣನ ಒಟ್ಟಿಗೆ ವಿಮಾನ ಹತ್ತು. ಮತ್ತೆ ಮಾತಿಲ್ಲ.”

ಹೀಗೆ ನನ್ನ ಗೆಳೆಯನನ್ನು ಊರಲ್ಲಿ ಉಳಿಸಿಕೊಳ್ಳುವ ಹೊಣೆ ನಮ್ಮ ಕಲೆಯ ಮೇಲೆ ಬಿತ್ತು. ಪಾಪ ಅವನು!

ಕಾರ್ಕಳದವನು ಎಣ್ಣೆಯ ಖಾಲಿ ಡಬ್ಬ ಬಡಿಯುವುದೆಂದಾಯಿತು. ಅವನಿಗೆ ಗೊತ್ತಿದ್ದದ್ದು ಹುಲಿವೇಷದ ಕುಣಿತಕ್ಕೆ ಬಡಿಯುವ ತಾಸೆಯ ಪೆಟ್ಟು ಒಂದೇ. ಕಾಪುವಿನವನದು ಸ್ವರ. ಸಾಹಿತ್ಯ ನನ್ನದು. ಎಡವಟ್ಟಾದದ್ದು ಅಲ್ಲೇ.

ನಮ್ಮ ಕಡೆಯವರಿಗೆ ಮನೆಯಲ್ಲಿ ತುಳು, ಜಗಳಕ್ಕೆ ತುಳು, ಮೀನಿನ ಚೌಕಾಸಿಗೂ ತುಳು. ಆದರೆ ಮೈಕಿನ ಮುಂದೆ ನಿಂತ ಕೂಡಲೇ ನಾಲಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕನ್ನಡಕ್ಕೆ ಹೊರಳುತ್ತದೆ. ನನ್ನ ನಾಲಗೆಯಂತೂ ಕೋಟನ್ನೂ ತೊಟ್ಟಿತು. ಗಲ್ಫಿಗೆ ಹೋಗುವುದಿಲ್ಲ ಎಂದು ಎದೆತಟ್ಟಿ ಸಾರಬೇಕಾದ ಬಂಡಾಯದ ಪದ್ಯಕ್ಕೆ ನಾನು ಬರೆದ ಸಾಲುಗಳು ಇವು: “ಗಲ್ಫಿಗೆ ತೆರಳಲು ನಾವು ನಿರಾಕರಿಸುತ್ತಿದ್ದೇವೆ, ತಮ್ಮೆಲ್ಲರಿಗೂ ಗೌರವಪೂರ್ವಕ ತಿಳಿಸುತ್ತಿದ್ದೇವೆ.” ಆಹಾ! ‘ನಿರಾಕರಿಸುತ್ತಿದ್ದೇವೆ’ ಎಂಬ ಕ್ರಿಯಾಪದ ಮುಗಿಯುವುದರೊಳಗೆ ಡಬ್ಬದ ಪೆಟ್ಟು ಕಾಪು ಬಿಟ್ಟು ಆಚೆಯ ಊರು ಉಚ್ಚಿಲವನ್ನೂ ದಾಟಿರುತ್ತಿತ್ತು. ಆದರೆ ಒಂದು ಅಕ್ಷರ ಕಡಿಮೆ ಮಾಡಲೂ ನಾನು ಒಪ್ಪಲಿಲ್ಲ. ವ್ಯಾಕರಣ ಕೆಡಿಸುವುದಾದರೆ ಕ್ರಾಂತಿಯೇ ಬೇಡ ಎನ್ನುವಂಥ ಕ್ರಾಂತಿಕಾರಿ ನಾನು.

ಕಾರ್ಕಳದ ಯುವಕ ಮಂಡಲವೊಂದರ ವಾರ್ಷಿಕೋತ್ಸವದಲ್ಲಿ ನಮ್ಮ ಮೊದಲ ಪ್ರದರ್ಶನವಾಯಿತು. ಕೊನೆಯದೂ ಅದೇ. ಕೈ ಬೀಸಿ, ಕಣ್ಣು ಕೆಂಪು ಮಾಡಿ ಇಡೀ ಪದ್ಯ ಹೇಳಿ ಮುಗಿಸಿದೆವು. ಅಧ್ಯಕ್ಷರು ಎದ್ದುಬಂದು, “ಇಷ್ಟು ಚೊಕ್ಕವಾಗಿ ಸ್ವಾಗತ ಭಾಷಣ ಮಾಡಿದ ಯುವಕರಿಗೆ ಧನ್ಯವಾದಗಳು. ಈಗ ಮನರಂಜನೆ” ಎಂದರು. ಚಪ್ಪಾಳೆ ಬಿತ್ತು. ಯಾರನ್ನು ಸ್ವಾಗತಿಸಿದೆವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಧ್ವನಿಮುದ್ರಣ ಒಂದು ಭಾನುವಾರ ಮಧ್ಯಾಹ್ನ ಕಾಪುವಿನ ಮನೆಯಲ್ಲಿ ನಡೆಯಿತು. ಮೊದಲ ಸಲ ಹಿಡಿದಾಗ ಎರ್ಮಾಳಿನಿಂದ ಬಂದ ಮೀನಿನಾಕೆಯ “ಮೀನ್ ಬೋಡಾ”, ಮೀನು ಬೇಕಾ ಎಂಬ ಕೂಗು ನಮಗಿಂತ ಗಟ್ಟಿಯಾಗಿ ದಾಖಲಾಯಿತು. ಮತ್ತೆ ಮಾಡಿದೆವು, ಮತ್ತೆ ಮಾಡಿದೆವು. ಕೊನೆಗೆ ಪದ್ಯ ಪೂರ್ತಿ ಬಂದ ಮೇಲೂ ನನಗೆ ಸಮಾಧಾನವಿಲ್ಲ.

“ನೀನು ‘ನಿರಾಕರಿಸ್ತಿದ್ದೇವೆ’ ಎಂದೆ. ‘ಸುತ್ತಿ’ ಎಲ್ಲಿ ಹೋಯಿತು?” ಎಂದು ಕಾಪುವಿನವನನ್ನು ಹಿಡಿದುಕೊಂಡೆ.

“ನಿನ್ನ ‘ಸುತ್ತಿ’ ಸಮುದ್ರಕ್ಕೆ ಬೀಳಲಿ!” ಎಂದು ಅವನು ತುಳುವಿನಲ್ಲಿ ಗುಡುಗಿದ. ನಾನೂ ತುಳುವಿಗೆ ಇಳಿದೆ. ನೆಟ್ಟಗೆ ಹೇಳಲಿಕ್ಕಾಗದಿದ್ದರೆ ಹೋಗು, ಗಲ್ಫಿಗೆ ಹೋಗಿ ಒಂಟೆಗೆ ಹೇಳು ಎಂದೆ. ಅವನು ಹೋಗುವುದಿಲ್ಲ ಎಂದ. ಹೋಗೇ ಹೋಗುತ್ತಿ ಎಂದೆ. ಕಾರ್ಕಳದವನು ಯಾರ ಪಕ್ಷವನ್ನೂ ವಹಿಸದೆ ತನ್ನ ಪಾಡಿಗೆ ಡಬ್ಬ ಬಡಿಯುತ್ತಾ ಕೂತ. ಈ ಗಲಾಟೆಯಲ್ಲಿ ಟೇಪ್ ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ. ಅದು ತಾನಾಗಿಯೇ ತುದಿ ಮುಟ್ಟಿ ಟಕ್ಕೆಂದು ನಿಂತಿತು.

ಮರುದಿನವೇ ಉಡುಪಿಯ ಅಂಗಡಿಗೆ ಹೋದೆವು. ಅಂಗಡಿಯವರು ಸಜ್ಜನರು. ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ, ತಾಳ ಹಾಕಲು ಬೆರಳನ್ನು ಮೇಜಿನ ಮೇಲೆ ಸಿದ್ಧವಾಗಿಟ್ಟರು. ಬೆರಳು ಅಲುಗಲಿಲ್ಲ. ಪದ್ಯ ಮುಗಿಯುತ್ತಿದ್ದಂತೆ ಟೇಪ್ ನಿಲ್ಲಿಸಿ ಕೇಳಿದರು:

“ಒಳ್ಳೆಯದುಂಟು. ಹಾಡು ಯಾವಾಗ ಶುರು?”

“ಇದೇ ಹಾಡು,” ಎಂದೆ.

“ಇದಾ? ನಾನು ಗಲ್ಫಿಗೆ ಹೋಗುವವರಿಗೆ ಎಂತದೋ ಪ್ರಕಟಣೆ ಅಂತ ಗ್ರಹಿಸಿದೆ. ಬೇಜಾರು ಮಾಡಬೇಡಿ, ಇದು ಇಲ್ಲಿ ಹೋಗುವುದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಬರೆದದ್ದು ನೀವಲ್ವಾ? ಭಾಷೆ ಭಾರಿ ಶುದ್ಧ ಉಂಟು. ನಮ್ಮ ಭಾವನಲ್ಲಿ ಪ್ರಚಾರದ ಜೀಪ್ ಉಂಟು, ಮೈಕ್ ಹಿಡಿಯಲಿಕ್ಕೆ ಜನ ಬೇಕಂತೆ” ಎಂದರು.

ನನಗೆ ಕೆಲಸ ಸಿಕ್ಕಿತು. ನನ್ನ ಗೆಳೆಯನಿಗೆ ವಿಮಾನ ಸಿಕ್ಕಿತು. ಅವನು ಹೊರಟ ದಿನ ನಾನು ಕಾಪುವಿನಿಂದ ಕಾರ್ಕಳದವರೆಗೆ ಜೀಪಿನಲ್ಲಿ ಕೂತು ಸೀರೆಯ ರಿಯಾಯಿತಿ ಮಾರಾಟವನ್ನು ಗೌರವಪೂರ್ವಕ ತಿಳಿಸುತ್ತಿದ್ದೆ. ಅವನ ಮನೆಯ ಮುಂದೆ ಹಾದುಹೋಗುವಾಗ ಮೈಕ್ ಕೆಳಗಿಟ್ಟೆ. ಅವನು ಆಗಲೇ ಹೊರಟಾಗಿತ್ತು. ಅಳು ಬಂತು, ಡ್ರೈವರನಿಗೆ ಧೂಳು ಎಂದೆ.

ಮುಂದೊಂದು ದಿನ ಉಡುಪಿಯ ಬನ್ನಂಜೆಯ ನಮ್ಮ ಮನೆಯಲ್ಲಿ ಅಮ್ಮ, “ನಿಮ್ಮ ಪದ್ಯವನ್ನು ನನಗೊಬ್ಬಳಿಗೆ ಕೇಳಿಸಲಿಲ್ಲ ನೀನು” ಎಂದಳು. ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದು ಹಾಕಿದೆ. ಅಮ್ಮ ಗೆರಸೆಯಲ್ಲಿ ಅಕ್ಕಿ ಆರಿಸುತ್ತಾ ಕೇಳಿದಳು. ಪದ್ಯ ಮುಗಿಯಿತು.

“ಹಾಡು ಯಾವಾಗ ಶುರು?”

“ಮುಗಿಯಿತಮ್ಮ,” ಎಂದು ನಿಲ್ಲಿಸಲು ಕೈ ಚಾಚಿದೆ.

“ಇರು, ಇರು. ಇನ್ನೂ ಎಂತದೋ ಉಂಟು.”

ಉಂಟು, ನಮ್ಮ ಜಗಳ! ಆ ದಿನದಿಂದ ನಾನದನ್ನು ಕೇಳಿಯೇ ಇರಲಿಲ್ಲ. ಡಬ್ಬ ಹುಲಿಯ ಹಾಗೆ ಹೆಜ್ಜೆ ಹಾಕುತ್ತಿತ್ತು. ನಾನು ‘ಪೋ’ ಎಂದರೆ ಅವನು ‘ಪೋಪುಜಿ’ ಎನ್ನುತ್ತಿದ್ದ. ಹೋಗುವುದಿಲ್ಲ ಎನ್ನಲು ತುಳುವಿಗೆ ಮೂರೇ ಅಕ್ಷರ ಸಾಕು. ಪೋ, ಪೋಪುಜಿ. ಪೋ ಮಾರಾಯ, ಪೋಪುಜಿ. ಒಂದೊಂದು ‘ಪೋಪುಜಿ’ಯೂ ಪೆಟ್ಟಿನ ನೆತ್ತಿಯ ಮೇಲೇ ಬೀಳುತ್ತಿತ್ತು. ವಿದೇಶದ ಕ್ಯಾಸೆಟಿನಲ್ಲಿ ಕೇಳಿ ನಾವು ಹುಚ್ಚಾಗಿದ್ದದ್ದು ಇದಕ್ಕೇ ಅಲ್ಲವೇ? ಅಮ್ಮನ ಬೆರಳು ಗೆರಸೆಯ ಅಂಚಿನ ಮೇಲೆ ತಾಳ ಹಾಕತೊಡಗಿತು.

“ಹಾಂ, ಈಗ ಶುರುವಾಯಿತು ನೋಡು,” ಎಂದಳು.

ಟೇಪ್ ಟಕ್ಕೆಂದು ನಿಂತಿತು. ಅಮ್ಮ ಅಕ್ಕಿಯಿಂದ ಕಣ್ಣೆತ್ತಿದಳು.

“ಇಷ್ಟು ಚಂದದಲ್ಲಿ ಹೋಗುವುದಿಲ್ಲ ಹೋಗುವುದಿಲ್ಲ ಅಂತ ಹೇಳ್ತಾನಲ್ಲ ಮಗ, ಮತ್ತೆ ಅವನನ್ನು ಯಾಕೆ ಕಳಿಸಿದ್ರಿ?”