ಮಾವನ ಭುಜದ ಕಂಬಳಿ

ಗೆಳೆಯರೇ, ಇವತ್ತು ಬೆಳಿಗ್ಗೆ ಚಳ್ಳಕೆರೆಯ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಒಂದು ಕಂಬಳಿಗಾಗಿ ಸಣ್ಣ ಜಗಳವಾಯಿತು. ಕಂಬಳಿ ನನ್ನ ಸೋದರಮಾವನದು. ದೇವಸಮುದ್ರದ ಕಡೆ ಕುರಿ ಕಾಯುವ ಮನುಷ್ಯ. ಬಲಭುಜದ ಕೀಲು ಸವೆದು, ಲೋಹದ ಕೀಲು ಹಾಕಿಸಿಕೊಂಡು ಎಂಟು ವರ್ಷವಾಯಿತು. ಅಂದಿನಿಂದ ಎಂಥ ಬಿಸಿಲಿದ್ದರೂ ಆ ಭುಜದ ಮೇಲೆ ಕಂಬಳಿ ಇರಲೇಬೇಕು. ಕೀಲು ಸಡಿಲವಾಗಿದೆಯೇ ಎಂದು ನೋಡಿಸಲು ಹೋಗಿದ್ದೆವು.

“ಕಂಬಳಿ ತೆಗೀರಿ ಯಜಮಾನ್ರೆ,” ಎಂದ ಎಕ್ಸ್‌ರೇಯವನು.

“ಕಬ್ಬಿಣ ಬೇಗ ತಣ್ಣಗಾಗ್ತೈತೆ ಕಣಪ್ಪ. ಎಳೇ ಮರಿ ಇದ್ದಂಗೆ ಅದು, ಬೆಚ್ಚಗಿಡಬೇಕು.”

ಕೊನೆಗೆ ನಾನೇ ಕಂಬಳಿ ಬಿಡಿಸಿಕೊಂಡು ಎದೆಗೊತ್ತಿ ನಿಂತೆ. ನಿದ್ದೆಹೋದ ಕುರಿಮರಿಯಷ್ಟೇ ಬೆಚ್ಚಗಿತ್ತು. ಹೊರಗಿನ ಬಸ್ಸುಗಳ ಸದ್ದು ಕೂಡ ದೂರದ ಹುಲ್ಲುಗಾವಲಿನಲ್ಲಿ ಕುರಿಮಂದೆ ಕದಲಿದಂತೆ ಕೇಳಿಸಿತು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, “ಚೂರೂ ಸಡಿಲ ಆಗಿಲ್ಲ. ಹಿಂಗೇ ಇದ್ರೆ ನಿಮಗಿಂತ ಜಾಸ್ತಿ ದಿನ ಬಾಳುತ್ತೆ,” ಎಂದು ನಕ್ಕರು.

ಮಾವ ನಗಲಿಲ್ಲ. ಕಂಬಳಿಯನ್ನು ಮತ್ತೆ ಭುಜಕ್ಕೆ ಹೊದಿಸುತ್ತ ಕೇಳಿದ: “ಹಂಗಾದ್ರೆ ನನ್ನ ಮಣ್ಣಿಗಿಟ್ಟ ಮ್ಯಾಲೆ ಅದಕ್ಕೆ ಹೊದಿಸೋರು ಯಾರ್ರೀ?”

ಡಾಕ್ಟರು ಫಿಲ್ಮನ್ನು ಲಕೋಟೆಗೆ ಹಾಕಿ, ಮುಂದಿನ ವರ್ಷ ಬಂದು ತೋರಿಸಿ ಎಂದು ಚೀಟಿ ಬರೆದುಕೊಟ್ಟರು.