ಖಂಡೇನವಮಿಯ ಜರ್ಮನ್ ಸಾಹೇಬ

ಖಂಡೇನವಮಿಯ ದಿನ ನಮ್ಮ ಗ್ಯಾರೇಜಿನಲ್ಲಿ ಪಾನಾ, ಜಾಕ್, ವೆಲ್ಡಿಂಗ್ ಯಂತ್ರ ಎಲ್ಲವನ್ನೂ ತೊಳೆದು ಸಾಲಾಗಿಟ್ಟು, ಹಿಂದೆ ನನ್ನ ಅಪ್ಪನ ಫೋಟೊ ಇಟ್ಟು ಪೂಜೆ ಮಾಡುವುದು ವಾಡಿಕೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದ ಟ್ರಕ್ ಓಡಿಸಿ, ಹುಬ್ಬಳ್ಳಿಗೆ ಮರಳಿ ಈ ಗ್ಯಾರೇಜು ಹಾಕಿದವರು ಅವರೇ. ಈಗ ಅದು ಗಬ್ಬೂರ ಬೈಪಾಸಿನಲ್ಲಿದೆ. ನನ್ನ ಸೋದರಳಿಯ, ತಮ್ಮನ ಮಗ, ನಡೆಸುತ್ತಾನೆ. ನಾನು ಮದುವೆಯಾಗಿ ಧಾರವಾಡ ಸೇರಿದರೂ ಹಬ್ಬದ ಆರತಿ ಮಾತ್ರ ನನ್ನದೇ.

ಹೋದ ವರ್ಷ ಆರತಿ ತಟ್ಟೆ ಹಿಡಿದು ಒಳಗೆ ಹೋದರೆ, ಅಪ್ಪನ ಪಕ್ಕದಲ್ಲಿ ಇನ್ನೂ ದೊಡ್ಡದೊಂದು ಫೋಟೊ. ಯಾರೋ ಬಿಳಿಯ ಸಾಹೇಬ, ಹಿಂದೆ ಟ್ಯಾಂಕು. ಚೆಂಡುಹೂವಿನ ಮಾಲೆ ಬೇರೆ, ಹಣೆಗೆ ಕುಂಕುಮ ಬೇರೆ! ಯಾರಪ್ಪಾ ಈ ಪುಣ್ಯಾತ್ಮ ಎಂದು ಕೇಳಿದೆ.

ಜರ್ಮನಿಯ ಟ್ಯಾಂಕ್ ಕಮಾಂಡರ್ ಎಂದು ಅಳಿಯ ಎದೆಯುಬ್ಬಿಸಿ ಹೇಳಿದ. ಮೊದಲನೆಯ ಮಹಾಯುದ್ಧದಲ್ಲಿ ಕಂದಕದೊಳಗೆ ಬಡಿದಾಡಿ ಪದಕ ಪಡೆದನಂತೆ. ಮುಂದಿನ ಯುದ್ಧವೆಲ್ಲ ಎಂಜಿನ್ನಿನದೇ ಎಂದು ತಿಳಿದು ಟ್ಯಾಂಕು ಹತ್ತಿದನಂತೆ. ಎರಡನೆಯದರಲ್ಲಿ ಪೋಲೆಂಡು, ಫ್ರಾನ್ಸು ತುಳಿದು, ಆಫ್ರಿಕಾದ ಮರುಭೂಮಿಯಲ್ಲೂ ಗೆದ್ದನಂತೆ. ಎಲ್ಲ ಫೋನಿನಲ್ಲಿ ನೋಡಿದ್ದು. ಟ್ಯಾಂಕೂ ಗಾಡಿಯೇ ಅಲ್ಲವೇ, ಅದರ ಗುರುವಿಗೂ ಒಂದು ಹೂವು ಇರಲಿ ಎಂದ.

ಮರುಭೂಮಿ ಎಂದದ್ದೇ ತಡ, ನನ್ನ ಮೈ ಉರಿದುಹೋಯಿತು. ಜರ್ಮನ್ ಟ್ಯಾಂಕು ಅಪ್ಪನ ಟ್ರಕ್ಕಿಗೆ ಗುಂಡು ಹೊಡೆದದ್ದು ಅದೇ ಮರುಭೂಮಿಯಲ್ಲಿ. ಇವನ ಟ್ಯಾಂಕೋ, ಇವನ ಕೈಕೆಳಗಿನವರದೋ, ನನಗೇನು? ಜೊತೆಗಿದ್ದವರು ಒಳಗೇ ಸುಟ್ಟುಹೋದರು. ಅಪ್ಪ ಸಾಯುವವರೆಗೂ ಎಡಗಾಲು ಮಡಚಲಾಗದೆ, ನಾಲ್ಕು ಜನರ ಪಂಕ್ತಿಯಲ್ಲಿ ಕೂತು ಉಣ್ಣಲಿಲ್ಲ. ಆ ಚಾಚಿದ ಕಾಲಿನ ಮೇಲೆಯೇ ಆಡಿ ಬೆಳೆದವನು ಈ ನನ್ನ ಅಳಿಯ.

"ಗೆದ್ದಾನ ಗೆದ್ದಾನ ಅಂತೀಯಲ್ಲ, ಯಾರ ಕಾಲ ಮುರದು ಗೆದ್ದಾನ ಗೊತ್ತೈತೇನು? ನಿಮ್ಮಜ್ಜಂದು."

"ಹಂಗನ್ನಬ್ಯಾಡ್ರಿ ಅತ್ತಿ. ಇಬ್ರೂ ಸೈನಿಕರು, ತಮ್ಮ ತಮ್ಮ ಡ್ಯೂಟಿ ಮಾಡ್ಯಾರ."

ಡ್ಯೂಟಿಯಂತೆ! ಊರೂರಿನ ಮಂದಿಯನ್ನು ಹಿಡಿದು ಕೊಂದ ಸರ್ಕಾರಕ್ಕೆ ದಾರಿ ಮಾಡಿಕೊಟ್ಟದ್ದೂ ಡ್ಯೂಟಿಯೇ? ಎರಡರಲ್ಲಿ ಒಂದು ಫೋಟೊ ತೆಗೆ, ಆಮೇಲೆ ಆರತಿ ಎಂದು ತಟ್ಟೆ ಕೆಳಗಿಟ್ಟು ಹಟ ಹಿಡಿದು ನಿಂತೆ. ಗಿರಾಕಿಗಳು ಪ್ರಸಾದಕ್ಕೆ ಕಾಯುತ್ತಿದ್ದರು. ಅಳಿಯ ಎರಡನ್ನೂ ಒಮ್ಮೆ ನೋಡಿದ. ಬಾಗಿ ಅಪ್ಪನ ಫೋಟೊ ಎತ್ತಿ, ಹೂವಿನ ಸಮೇತ ನನ್ನ ಕೈಗಿಟ್ಟ.

"ಅಜ್ಜನ್ನ ನೀವು ಮನಿಗೆ ಒಯ್ರಿ ಅತ್ತಿ. ಇಲ್ಲೆ ಎಣ್ಣಿ, ಧೂಳು. ಫೋಟೊ ಕೆಡತೈತಿ."

ಅಪ್ಪ ಹಾಕಿದ ಗ್ಯಾರೇಜಿನಿಂದ ಅಪ್ಪನನ್ನೇ ಎದೆಗವಚಿಕೊಂಡು ಹೊರಬಂದೆ. ರಸ್ತೆ ದಾಟುವಷ್ಟರಲ್ಲಿ ಒಳಗೆ ಆರತಿಯ ಗಂಟೆ ಬಾರಿಸತೊಡಗಿದರು.